ಕಟ್ಟಡಕ್ಕೋ, ಕಲಾವಿದನಿಗೋ, ಕಸುಬಿಗೋ: ಪ್ರಶಸ್ತಿಗೆ ಅರ್ಜಿ ಹಾಕುವ ಮುನ್ನ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕಟ್ಟಡ ಕಟ್ಟುವವರು, ಹಳೆಯ ವಾಡೆಗಳನ್ನು ದುರಸ್ತಿ ಮಾಡಿಸಿದವರು, ಬಿದ್ರಿ ಕೆಲಸದವರು, ಚಿತ್ರ ಬರೆಯುವವರು ವರ್ಷದಲ್ಲಿ ಒಮ್ಮೆಯಾದರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ನಮ್ಮ ಕೆಲಸವನ್ನು ಯಾವ ಪ್ರಶಸ್ತಿಗೆ ಕಳಿಸಬೇಕು? ನಾನು ಕಲಬುರಗಿಯಲ್ಲಿ ವಾಸ್ತುಶಿಲ್ಪಿಯಾಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸಕ್ಕಾಗಿಯೂ ಬೇರೆಯವರ ಕೆಲಸಕ್ಕಾಗಿಯೂ ಹಲವು ಪ್ರಶಸ್ತಿ ಕಡತಗಳನ್ನು ಸಿದ್ಧಪಡಿಸಿದ್ದೇನೆ. ಅವುಗಳಲ್ಲಿ ಕೆಲವು ಮುಂದಿನ ಸುತ್ತಿಗೆ ಹೋಗಿವೆ, ಹೆಚ್ಚಿನವು ಹೋಗಿಲ್ಲ. ಆ ಅನುಭವದಿಂದ ಹೇಳುವುದಾದರೆ, ಯಾವ ಪ್ರಶಸ್ತಿ ದೊಡ್ಡದು ಎಂದು ಕೇಳುವ ಮೊದಲು, ಪ್ರಶಸ್ತಿ ಪತ್ರದ ಮೇಲೆ ಯಾರ ಹೆಸರು ಬರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಕೆಲವು ಪ್ರಶಸ್ತಿಗಳು ಒಬ್ಬ ವ್ಯಕ್ತಿಯ ಇಡೀ ಜೀವಮಾನದ ಸಾಧನೆಗೆ ಸಲ್ಲುತ್ತವೆ, ಕೆಲವು ಒಂದು ಕಟ್ಟಡಕ್ಕೆ, ಕೆಲವು ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿಗೆ. ಈ ವ್ಯತ್ಯಾಸವನ್ನು ಗಮನಿಸದೆ ಅರ್ಜಿ ಹಾಕಿದವರ ಶ್ರಮ ಬಹುಪಾಲು ವ್ಯರ್ಥವಾಗುವುದನ್ನು ನಾನು ನೋಡಿದ್ದೇನೆ.

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಪ್ರಿಟ್ಸ್ಕರ್ ಪ್ರಶಸ್ತಿಯದು. 1979ರಲ್ಲಿ ಆರಂಭವಾದ, ಅಮೆರಿಕದ ಹಯಾತ್ ಪ್ರತಿಷ್ಠಾನ ನೀಡುವ ಈ ಪ್ರಶಸ್ತಿಯೊಂದಿಗೆ 1 ಲಕ್ಷ ಡಾಲರ್ ಮತ್ತು ಒಂದು ಕಂಚಿನ ಪದಕ ಸಿಗುತ್ತವೆ. 2018ರಲ್ಲಿ ಬಿ. ವಿ. ದೋಶಿ ಅವರಿಗೆ ಇದು ಸಂದಾಗ, ಭಾರತೀಯರೊಬ್ಬರಿಗೆ ಮೊದಲ ಬಾರಿಗೆ ಸಂದಿತೆಂದು ದೇಶವೆಲ್ಲ ಸಂತೋಷಪಟ್ಟಿತು. ಆದರೆ ಇದು ಬದುಕಿರುವ ವಾಸ್ತುಶಿಲ್ಪಿಯೊಬ್ಬರು ದಶಕಗಳ ಕಾಲ ಕಟ್ಟಿದ ಕೆಲಸದ ಮೊತ್ತಕ್ಕೆ ಸಲ್ಲುವ ಗೌರವ. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ 1848ರಿಂದ ನೀಡುತ್ತ ಬಂದಿರುವ ರಾಯಲ್ ಚಿನ್ನದ ಪದಕದ ಸ್ವರೂಪವೂ ಇದೇ. ಚಾರ್ಲ್ಸ್ ಕೊರಿಯಾ ಅವರಿಗೆ 1984ರಲ್ಲಿ, ದೋಶಿ ಅವರಿಗೆ 2022ರಲ್ಲಿ ಅದು ದೊರೆಯಿತು. ಜೇವರ್ಗಿಯಲ್ಲಿ ಒಂದು ಒಳ್ಳೆಯ ಶಾಲೆ ಕಟ್ಟಿದವರಿಗೆ ಈ ಎರಡೂ ಸಂಬಂಧಪಟ್ಟವಲ್ಲ. ಇವುಗಳನ್ನು ಓದಿ ತಿಳಿಯಬೇಕೇ ಹೊರತು ಅರ್ಜಿಯ ಪಟ್ಟಿಯಲ್ಲಿ ಸೇರಿಸಬೇಕಾಗಿಲ್ಲ.

ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ದಾರಿಯೇ ಬೇರೆ, ಮತ್ತು ನಮ್ಮ ಭಾಗದವರು ಇದನ್ನು ನಿಧಾನವಾಗಿ ಅರಿಯಬೇಕೆಂದು ನಾನು ಬಯಸುತ್ತೇನೆ. 1977ರಲ್ಲಿ ಸ್ಥಾಪನೆಯಾದ ಈ ಪ್ರಶಸ್ತಿ ಮೂರು ವರ್ಷಕ್ಕೊಮ್ಮೆ ಕೊಡಲ್ಪಡುತ್ತದೆ. ಒಟ್ಟು ಮೊತ್ತ 10 ಲಕ್ಷ ಡಾಲರ್. ಆ ಹಣ ಆಯ್ಕೆಯಾದ ಯೋಜನೆಗಳ ನಡುವೆ ಹಂಚಿಕೆಯಾಗುತ್ತದೆ. ಗೌರವ ಸಲ್ಲುವುದು ಯೋಜನೆಗೆ. ಹಾಗಾಗಿ ವಾಸ್ತುಶಿಲ್ಪಿಯ ಜೊತೆಗೆ ಕಟ್ಟಿಸಿದವರು, ಎಂಜಿನಿಯರು, ಗೌಂಡಿ, ಬಡಗಿ, ಊರಿನ ಸಮಿತಿ ಹೀಗೆ ಆ ಕೆಲಸದಲ್ಲಿ ನಿಜವಾಗಿ ತೊಡಗಿದವರೆಲ್ಲರೂ ಅದರ ಪಾಲುದಾರರಾಗಲು ಅವಕಾಶವಿದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಎಂದರೆ, ಅಂತಿಮ ಪಟ್ಟಿಗೆ ಬಂದ ಪ್ರತಿಯೊಂದು ಕಟ್ಟಡವನ್ನು ಪರಿಣತರೊಬ್ಬರು ಸ್ಥಳಕ್ಕೇ ಬಂದು ನೋಡುತ್ತಾರೆ, ಬಳಸುವವರೊಂದಿಗೆ ಮಾತನಾಡುತ್ತಾರೆ, ಕಟ್ಟಡ ಕನಿಷ್ಠ ಒಂದು ವರ್ಷ ಬಳಕೆಯಲ್ಲಿರಬೇಕು ಎಂಬ ನಿಯಮವೂ ಇದೆ. ಛಾಯಾಚಿತ್ರದಲ್ಲಿ ಚೆನ್ನಾಗಿ ಕಂಡು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಳಗೆ ಕೂರಲಾಗದ ಕಟ್ಟಡ ಈ ಪರೀಕ್ಷೆಯಲ್ಲಿ ಉಳಿಯುವುದು ಕಷ್ಟ. ನಮ್ಮ ಕಡೆಯ ಒಳ್ಳೆಯ ಕಟ್ಟಡಗಳ ಗುಣ ಇರುವುದೇ ಅವುಗಳ ತಂಪಿನಲ್ಲಿ, ದಪ್ಪ ಗೋಡೆಯಲ್ಲಿ, ನೆರಳಿನ ಪಡಸಾಲೆಯಲ್ಲಿ. ಆದ್ದರಿಂದ ಸ್ಥಳಕ್ಕೆ ಬಂದು ನೋಡುವ ತೀರ್ಪು ನಮಗೆ ಅನುಕೂಲವಾದದ್ದು.

ಈ ಪ್ರಶಸ್ತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಇದು ಮಸೀದಿ, ದರ್ಗಾಗಳಿಗೆ ಮಾತ್ರ ಸಲ್ಲುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ನಿಯಮ ಹೇಳುವುದು, ಮುಸ್ಲಿಮರು ಗಣನೀಯವಾಗಿ ಇರುವ ಸಮಾಜದ ಅಗತ್ಯವನ್ನು ಆ ಕಟ್ಟಡ ಪೂರೈಸುತ್ತಿರಬೇಕು ಎಂದಷ್ಟೇ. 1995ರಲ್ಲಿ ದೋಶಿ ಅವರ ಇಂದೋರಿನ ‘ಅರಣ್ಯ’ ಎಂಬ ಹೆಸರಿನ ವಸತಿ ಬಡಾವಣೆಗೆ, 1998ರಲ್ಲಿ ಕೊರಿಯಾ ಅವರ ಭೋಪಾಲದ ವಿಧಾನ ಭವನಕ್ಕೆ ಇದು ಸಂದಿದೆ. ಅದೇ 1998ರಲ್ಲಿ ಪಕ್ಕದ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚೋಪಡಾ ತಾಲ್ಲೂಕಿನಲ್ಲಿ ಕುಷ್ಠರೋಗಿಗಳಿಗಾಗಿ ಕಟ್ಟಿದ ಒಂದು ಸರಳ ಆಸ್ಪತ್ರೆಗೂ ಸಂದಿತು. ನಾರ್ವೆಯ ಇಬ್ಬರು ಯುವ ವಾಸ್ತುಶಿಲ್ಪಿಗಳು ಅಲ್ಲಿನ ಸಾಮಗ್ರಿ, ಅಲ್ಲಿನ ಕೆಲಸಗಾರರನ್ನು ನೆಚ್ಚಿ, ಅಲ್ಪ ವೆಚ್ಚದಲ್ಲಿ ಅದನ್ನು ಕಟ್ಟಿದರು. ಆ ಊರಿನ ಬಿಸಿಲಿಗೂ ಆಳಂದದ ಬಿಸಿಲಿಗೂ ಹೆಚ್ಚು ಅಂತರವಿಲ್ಲ. ಬಾಂಗ್ಲಾದೇಶದ ರುದ್ರಾಪುರದ ಮಣ್ಣು ಬಿದಿರಿನ ಶಾಲೆ 2007ರಲ್ಲಿ, ನದಿ ನಡುವಿನ ಮರಳುದಿಬ್ಬಗಳ ನಿವಾಸಿಗಳಿಗಾಗಿ ಮರೀನಾ ತಬಸ್ಸುಮ್ ರೂಪಿಸಿದ ಬಿಚ್ಚಿ ಕಟ್ಟಬಹುದಾದ ಬಿದಿರಿನ ಮನೆ 2025ರಲ್ಲಿ ಇದೇ ಗೌರವ ಪಡೆದವು. ಹಾಗಿರುವಾಗ ಬೀದರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯೋ, ಕಲಬುರಗಿಯ ಹಳೆಯ ಬಡಾವಣೆಯ ಒಂದು ಗ್ರಂಥಾಲಯವೋ ಈ ಪ್ರಶಸ್ತಿಗೆ ತಕ್ಕುದಲ್ಲ ಎಂದು ನಾವೇ ಮೊದಲು ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ.

ಇನ್ನು ಹಳೆಯ ಕಟ್ಟಡಗಳ ವಿಷಯ. ಇಲ್ಲಿ ನಮ್ಮಷ್ಟು ಸಿರಿವಂತರು ಕಡಿಮೆ. 1367ರ ಕಾಲದ ಕಲಬುರಗಿ ಕೋಟೆಯ ಜಾಮಾ ಮಸೀದಿ, 1472ರ ಬೀದರಿನ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು, ಸುರಪುರದ ಟೇಲರ್ ಮಂಜಿಲ್ ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಇವುಗಳ ಜೊತೆಗೆ ಊರೂರಿನಲ್ಲಿ ದೇಸಾಯಿ, ದೇಶಮುಖ, ಪಾಟೀಲರ ವಾಡೆಗಳಿವೆ, ಮಠಗಳಿವೆ, ಮೆಟ್ಟಿಲು ಬಾವಿಗಳಿವೆ. ಇವುಗಳಲ್ಲಿ ಯಾವುದನ್ನಾದರೂ ಎಚ್ಚರದಿಂದ ಉಳಿಸಿದವರು ಮೊದಲು ನೋಡಬೇಕಾದದ್ದು ಯುನೆಸ್ಕೊ ಏಷ್ಯಾ ಪೆಸಿಫಿಕ್ ಸಾಂಸ್ಕೃತಿಕ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳನ್ನು. 2000ದಲ್ಲಿ ಆರಂಭವಾದ ಈ ಪ್ರಶಸ್ತಿಯ ಷರತ್ತುಗಳು ಸ್ಪಷ್ಟವಾಗಿವೆ: ಕಟ್ಟಡಕ್ಕೆ 50 ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬೇಕು, ಸಂರಕ್ಷಣೆಯ ಕೆಲಸ ಕಳೆದ 10 ವರ್ಷಗಳೊಳಗೆ ಮುಗಿದಿರಬೇಕು, ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಆ ಕಟ್ಟಡ ಬಳಕೆಯಲ್ಲಿರಬೇಕು. ಖಾಸಗಿಯವರು ಮಾಡಿದ ಕೆಲಸವೋ, ಖಾಸಗಿಯವರೂ ಸರ್ಕಾರವೂ ಕೂಡಿ ಮಾಡಿದ ಕೆಲಸವೋ ಆಗಿರಬೇಕು. ಅಂದರೆ ಪುರಾತತ್ತ್ವ ಇಲಾಖೆ ತಾನೇ ತನ್ನ ಅನುದಾನದಲ್ಲಿ ಕೋಟೆಯ ಬುರುಜೊಂದನ್ನು ದುರಸ್ತಿ ಮಾಡಿದರೆ ಅದು ಈ ಪ್ರಶಸ್ತಿಯ ಉದ್ದೇಶಕ್ಕೆ ಹೊಂದುವುದಿಲ್ಲ. ಮನೆತನವೊಂದು ತನ್ನ ವಾಡೆಯನ್ನು ಉಳಿಸಿಕೊಂಡರೆ ಹೊಂದುತ್ತದೆ.

ಇದಕ್ಕೆ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. 2022ರ ಪಟ್ಟಿಯಲ್ಲಿ ನಮಗೆ ನೆರೆಯದೇ ಆದ ತೆಲಂಗಾಣದ ಎರಡು ಹೆಸರುಗಳಿದ್ದವು. ಗೋಲ್ಕೊಂಡದ ಮೆಟ್ಟಿಲು ಬಾವಿಗಳಿಗೆ ಎರಡನೆಯ ದರ್ಜೆಯ ಗೌರವ ಸಂದಿತು; ಕಾಮಾರೆಡ್ಡಿ ಜಿಲ್ಲೆಯ ದೋಮಕೊಂಡ ಕೋಟೆಗೆ ಅರ್ಹತಾ ಗೌರವ ದೊರೆಯಿತು. ದೋಮಕೊಂಡ ಖಾಸಗಿ ಒಡೆತನದ ಕೋಟೆ. ಅದನ್ನು ಉಳಿಸಿದವರು ಆ ಮನೆತನದವರು. ಅದೇ ವರ್ಷ ಅತ್ಯುನ್ನತ ಗೌರವ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಮಹಾನಗರದ ದೊಡ್ಡ ವಸ್ತುಸಂಗ್ರಹಾಲಯವೂ ಜಿಲ್ಲೆಯ ಒಂದು ಮೂಲೆಯ ಕೋಟೆಯೂ ಒಂದೇ ಪಟ್ಟಿಯಲ್ಲಿ ಕೂರುವುದು ಈ ಪ್ರಶಸ್ತಿಯ ದೊಡ್ಡ ಗುಣವೆಂದು ನಾನು ತಿಳಿಯುತ್ತೇನೆ. ಹಳೆಯ ಪರಿಸರದಲ್ಲಿ ಹೊಸದಾಗಿ ಕಟ್ಟಿದ, ಆ ಪರಿಸರದ ಮರ್ಯಾದೆ ಕಾಯ್ದ ಕಟ್ಟಡಗಳಿಗೂ ಇಲ್ಲಿ ಪ್ರತ್ಯೇಕ ವಿಭಾಗವಿದೆ. ಬೀದರಿನ ಹಳೆಯ ಊರಿನೊಳಗೆ, ಚೌಬಾರದ ಸುತ್ತಮುತ್ತ ಹೊಸ ಮನೆ ಕಟ್ಟುವವರು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆಗಾ ಖಾನ್ ಪ್ರಶಸ್ತಿಗೂ ಇದಕ್ಕೂ ನಡುವೆ ಆಯ್ಕೆ ಮಾಡುವಾಗ ಒಂದು ಸಂಗತಿಯನ್ನು ತೂಗಿ ನೋಡಬೇಕು. ಯುನೆಸ್ಕೊ ಪ್ರಶಸ್ತಿಯ ಬೆಲೆ ಗೌರವದಲ್ಲಿದೆ, ಹಣದಲ್ಲಿಲ್ಲ. ತೀರ್ಪು ನಿಂತಿರುವುದು ಮುಖ್ಯವಾಗಿ ನೀವು ಕಳಿಸುವ ಕಡತದ ಮೇಲೆ. ಆದುದರಿಂದ ಅಳತೆಯ ನಕ್ಷೆಗಳು, ಕೆಲಸಕ್ಕೆ ಮೊದಲಿನ ಹಾಗೂ ನಂತರದ ಚಿತ್ರಗಳು, ಯಾವ ಗಾರೆಯನ್ನು ಯಾಕೆ ಬಳಸಿದೆವು ಎಂಬ ವಿವರಣೆ, ಮಾಲೀಕರ ಒಪ್ಪಿಗೆ ಪತ್ರ ಇವು ಸರಿಯಾಗಿದ್ದರೆ ಮಾತ್ರ ಒಳ್ಳೆಯ ಕೆಲಸ ಒಳ್ಳೆಯದಾಗಿ ಕಾಣುತ್ತದೆ. ಸಿಮೆಂಟು ಬಳಿದು ಹೊಳಪು ಕೊಟ್ಟ ದುರಸ್ತಿಯನ್ನು ಸಂರಕ್ಷಣೆ ಎಂದು ಕಳಿಸುವವರು ನಿರಾಶರಾಗುತ್ತಾರೆ. ಸುಣ್ಣದ ಗಚ್ಚಿನ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ; ಅದರ ಮೇಲೆ ಸಿಮೆಂಟು ಬಿದ್ದರೆ ತೇವ ಒಳಗೇ ನಿಂತು ಕಲ್ಲನ್ನು ತಿನ್ನುತ್ತದೆ. ಈ ಕಾರಣವನ್ನು ಬಲ್ಲ ಗೌಂಡಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆದು ಕಡತಕ್ಕೆ ಸೇರಿಸಿದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಮತ್ತೊಂದಿಲ್ಲ.

ಕೆಲಸ ಇನ್ನೂ ಆಗಿಯೇ ಇಲ್ಲ, ಕಟ್ಟಡ ಬೀಳುವ ಸ್ಥಿತಿಯಲ್ಲಿದೆ ಎನ್ನುವವರಿಗೆ ಪ್ರಶಸ್ತಿಯ ದಾರಿ ಸರಿಯಲ್ಲ. ಅವರು ನೋಡಬೇಕಾದದ್ದು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಎರಡು ವರ್ಷಕ್ಕೊಮ್ಮೆ ಪ್ರಕಟಿಸುವ, ಗಮನ ಬೇಕಾಗಿರುವ ತಾಣಗಳ ಪಟ್ಟಿಯನ್ನು. 2020ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳು ಸೇರಿದ್ದವು. ನೆಲದಡಿಯ ಸುರಂಗದಲ್ಲಿ ನೀರು ಹರಿಸುವ, ಬೀದರಿನ ಜನ ಸುರಂಗ ಬಾವಿ ಎಂದು ಕರೆಯುವ ನೌಬಾದಿನ ಕರೇಜ್ ಅಂಥ ಜಲವ್ಯವಸ್ಥೆಗೆ ಒಂದು ಮಾದರಿ. ಇದು ಬಹುಮಾನವಲ್ಲ. ಅಪಾಯದಲ್ಲಿರುವ ತಾಣದ ಕಡೆಗೆ ಜಗತ್ತಿನ ಗಮನವನ್ನೂ ನೆರವನ್ನೂ ಸೆಳೆಯುವ ಸಾಧನ. ಅದೇ ರೀತಿ ಕಲಬುರಗಿ, ಬೀದರ್, ವಿಜಯಪುರ, ಗೋಲ್ಕೊಂಡಗಳ ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಿಂದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿರುವುದು ಕೂಡ ಪ್ರಶಸ್ತಿಯಲ್ಲ; ಅದು ಸರ್ಕಾರ ಸಲ್ಲಿಸುವ ಪ್ರಸ್ತಾವ. ಈ ಮೂರನ್ನೂ ಒಂದೇ ಎಂದು ಪತ್ರಿಕೆಗಳಲ್ಲಿ ಬರೆಯುವುದರಿಂದ ಜನರಿಗೆ ಗೊಂದಲವಾಗುತ್ತಿದೆ.

ಕಟ್ಟಡ ಇನ್ನೂ ನಕ್ಷೆಯ ಹಂತದಲ್ಲಿದ್ದರೆ ಹೋಲ್ಸಿಮ್ ಪ್ರತಿಷ್ಠಾನದ ಪ್ರಶಸ್ತಿಗಳನ್ನು ಪರಿಶೀಲಿಸಬಹುದು. ಇದು ಕಟ್ಟಿ ಮುಗಿಸಿದ ಕಟ್ಟಡಗಳಿಗಲ್ಲ, ಮುಗಿಯಬೇಕಾಗಿರುವ, ಪರಿಸರಕ್ಕೆ ಹೊರೆಯಾಗದ ಯೋಜನೆಗಳಿಗೆ ಮೀಸಲು, ಪ್ರವೇಶ ಶುಲ್ಕವಿಲ್ಲ.

ದೇಶದೊಳಗಿನ ವಾಸ್ತುಶಿಲ್ಪ ಪ್ರಶಸ್ತಿಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. 1917ರಲ್ಲಿ ಹುಟ್ಟಿದ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಪ್ರಶಸ್ತಿಗಳನ್ನು ಕೊಡುತ್ತದೆ, ಜೆ.ಕೆ. ಸಿಮೆಂಟ್ ಕಂಪನಿಯ ವರ್ಷದ ವಾಸ್ತುಶಿಲ್ಪಿ ಪ್ರಶಸ್ತಿ 1990ರಿಂದ ನಡೆಯುತ್ತಿದೆ. ವಸತಿಗೆ ಸಾಲ ನೀಡುವ ಕೇಂದ್ರ ಸರ್ಕಾರದ ಹುಡ್ಕೊ ಸಂಸ್ಥೆಯ ವಿನ್ಯಾಸ ಪ್ರಶಸ್ತಿಗಳಲ್ಲಿ ಕಡಿಮೆ ವೆಚ್ಚದ ವಸತಿಗೆ ಸ್ಥಾನವಿದೆ. ಇವು ವೃತ್ತಿಯೊಳಗಿನ ಗೌರವಗಳು. ಬೆಂಗಳೂರಿನಲ್ಲಿ ಕೆಲಸ ಸಿಗಬೇಕು, ಸಹೋದ್ಯೋಗಿಗಳ ನಡುವೆ ಹೆಸರಾಗಬೇಕು ಎನ್ನುವ ಯುವ ವಾಸ್ತುಶಿಲ್ಪಿಗೆ ಇವು ಬಹಳ ಪ್ರಯೋಜನಕಾರಿ. ಆದರೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ನೋಂದಣಿಯಾದವರಿಗೆ ಮಾತ್ರ ಆ ಹೆಸರನ್ನು ಬಳಸುವ ಹಕ್ಕಿದೆ, ಮತ್ತು ವೃತ್ತಿಯೊಳಗಿನ ಪ್ರಶಸ್ತಿಗಳು ಆ ಹಕ್ಕಿನ ಸುತ್ತಲೇ ರೂಪುಗೊಂಡಿವೆ. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ನಕ್ಷೆ ತೆಗೆಯುವವರು ಸಿವಿಲ್ ಎಂಜಿನಿಯರುಗಳು, ಕಟ್ಟುವವರು ಅನುಭವಸ್ಥ ಗೌಂಡಿಗಳು. ಅವರ ಒಂದು ಅತ್ಯುತ್ತಮ ಕೆಲಸ ಕಣ್ಣಿಗೆ ಬಿದ್ದರೆ, ಯೋಜನೆಯನ್ನೇ ಕೇಂದ್ರವಾಗಿ ನೋಡುವ ಪ್ರಶಸ್ತಿಯ ಕಡೆಗೆ ತಿರುಗುವುದು ಉತ್ತಮ.

ಈಗ ಬಿದ್ರಿಗೆ ಬರೋಣ. ಬೀದರಿನ ಕಾರ್ಖಾನೆಯೊಂದರಲ್ಲಿ, ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಕೋಣೆ, ನಾನು ಒಂದು ಮಧ್ಯಾಹ್ನ ಪೂರ್ತಿ ಕುಳಿತು ನೋಡಿದ್ದೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ ಮೊದಲಿಗೆ ಬೂದು ಬಣ್ಣದ್ದು. ಅದನ್ನು ಉಜ್ಜಿ, ಉಳಿಯಿಂದ ಹೂಬಳ್ಳಿಯನ್ನು ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಇಟ್ಟು ಮೆಲ್ಲಗೆ ಬಡಿದು ಕೂರಿಸುತ್ತಾರೆ. ಬೆಳ್ಳಿಗೂ ಸತುವಿಗೂ ಬಣ್ಣದಲ್ಲಿ ಹೆಚ್ಚು ಭೇದವಿಲ್ಲದ್ದರಿಂದ ಆ ಹಂತದಲ್ಲಿ ಚಿತ್ತಾರ ಸರಿಯಾಗಿ ಕಾಣುವುದೂ ಇಲ್ಲ. ಕೊನೆಗೆ ಕೋಟೆಯೊಳಗಿನ ಮಣ್ಣನ್ನು ನವಸಾಗರದ ಬಿಸಿ ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಲ್ಲಿಯವರೆಗೆ ಕಾಣದಿದ್ದ ಬಳ್ಳಿ ಒಮ್ಮೆಲೇ ಎದ್ದು ನಿಲ್ಲುತ್ತದೆ. ಆ ಹೂದಾನಿಯಲ್ಲಿ ಎರಕದವನ ಕೈ, ಕೆತ್ತುವವನ ಕೈ, ತಂತಿ ಕೂರಿಸುವವನ ಕೈ, ಕಪ್ಪು ಬರಿಸುವವನ ಕೈ ಬೇರೆ ಬೇರೆಯಾಗಿ ಇರುತ್ತವೆ. ಪ್ರಶಸ್ತಿ ಮಾತ್ರ ಒಬ್ಬನ ಹೆಸರಿಗೆ ಬರುತ್ತದೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆಯ್ಕೆ ಮಾಡುವಾಗ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕಾದ ವಿಷಯವೆಂದು ಹೇಳುತ್ತಿದ್ದೇನೆ.

ಕುಶಲಕರ್ಮಿಗಳ ಮುಂದಿರುವ ಮುಖ್ಯ ದಾರಿ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಪ್ರಶಸ್ತಿಗಳು. ರಾಷ್ಟ್ರೀಯ ಪ್ರಶಸ್ತಿ 1965ರಿಂದ ಇದೆ. ಅದರೊಂದಿಗೆ 1 ಲಕ್ಷ ರೂಪಾಯಿ, ತಾಮ್ರಪತ್ರ ಮತ್ತು ಶಾಲು ದೊರೆಯುತ್ತವೆ. ಶಿಲ್ಪ ಗುರು ಪ್ರಶಸ್ತಿ 2002ರಲ್ಲಿ ಸೇರಿತು. ಇದಕ್ಕೆ 2 ಲಕ್ಷ ರೂಪಾಯಿ ಮತ್ತು ಚಿನ್ನದ ನಾಣ್ಯ. ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅರ್ಜಿಯ ಜೀವಾಳ ಒಂದು ವಸ್ತು. ಅದನ್ನು ಮಾಡಲು ತಿಂಗಳುಗಟ್ಟಲೆ ಹಿಡಿಯಬಹುದು, ಬೆಳ್ಳಿಗೆ ಹಾಕಿದ ಹಣ ಅಷ್ಟು ಕಾಲ ಸಿಕ್ಕಿಕೊಂಡಿರುತ್ತದೆ. ಶಿಲ್ಪ ಗುರು ಗೌರವ ಹಿರಿಯರದು. ಕಲಿಸಿದ ಶಿಷ್ಯರ ಬಳಗ, ಕಸುಬಿಗೆ ತಂದ ಹೊಸತನ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಇವೆರಡರ ಜೊತೆಗೆ ವಿನ್ಯಾಸಕಾರರೂ ಕುಶಲಕರ್ಮಿಯೂ ಕೂಡಿ ಮಾಡಿದ ಹೊಸ ವಿನ್ಯಾಸಕ್ಕೆ ಒಂದು ವಿಭಾಗವಿದೆ. ವಿನ್ಯಾಸ ಕಲಿತು ಊರಿಗೆ ಮರಳಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಏಕೆಂದರೆ ಇಲ್ಲಿ ಇಬ್ಬರ ಹೆಸರೂ ಪತ್ರದ ಮೇಲೆ ಬರುತ್ತವೆ. ಇವರು ಭಾರತ ವಿನ್ಯಾಸ ಮಂಡಳಿಯ ಇಂಡಿಯಾ ಡಿಸೈನ್ ಮಾರ್ಕ್ ಕಡೆಗೆ ಹೋಗುವುದುಂಟು. ಅದು ಕಾರ್ಖಾನೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಸರಕುಗಳನ್ನು ಉದ್ದೇಶಿಸಿದ್ದು, ಒಂದೊಂದಾಗಿ ಕೈಯಲ್ಲಿ ಆಗುವ ಬಿದ್ರಿಗೆ ಹೊಂದುವಂಥದ್ದಲ್ಲ.

ಪದ್ಮ ಪ್ರಶಸ್ತಿಯ ಮಾತು ಬಂದೇ ಬರುತ್ತದೆ, ಏಕೆಂದರೆ 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದ ಮೇಲೆ ಊರಿನಲ್ಲಿ ಈ ಕಸುಬಿನ ಕುರಿತು ಮಾತಾಡುವ ಧಾಟಿಯೇ ಬದಲಾಯಿತು. ಪದ್ಮಕ್ಕೆ ಯಾರು ಬೇಕಾದರೂ ಯಾರನ್ನು ಬೇಕಾದರೂ ಸೂಚಿಸಬಹುದು, ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳಲೂಬಹುದು, ಹಣದ ಬಹುಮಾನವಿಲ್ಲ. ಅಲ್ಲಿ ಒಂದು ವಸ್ತುವಿನ ಸೊಗಸಿಗಿಂತ ಬದುಕಿನುದ್ದದ ಕೆಲಸ ಮುಖ್ಯ. ಹೀಗಾಗಿ ಮೂವತ್ತರ ಹರೆಯದ ಕುಶಲಕರ್ಮಿ ತನ್ನ ಅತ್ಯುತ್ತಮ ತಟ್ಟೆಯನ್ನು ರಾಷ್ಟ್ರೀಯ ಪ್ರಶಸ್ತಿಗೆ ಕಳಿಸಬೇಕು. ಎಪ್ಪತ್ತರ ಉಸ್ತಾದರಿಗಾಗಿ ಅವರ ಶಿಷ್ಯರು ಕೂಡಿ ಪದ್ಮಕ್ಕೆ ಬರೆಯಬೇಕು. 2006ರಲ್ಲಿ ಬಿದ್ರಿಗೆ ದೊರೆತ ಭೌಗೋಳಿಕ ಗುರುತು ಇವೆರಡಕ್ಕಿಂತ ಬೇರೆ. ಅದು ಹೆಸರಿನ ರಕ್ಷಣೆ.

ಚಿತ್ರಕಲೆ, ಶಿಲ್ಪಗಳಲ್ಲಿ ಆಯ್ಕೆ ಹೆಚ್ಚು ಸರಳ. ಚಿತ್ರಕಲಾವಿದ ಎಸ್. ಎಂ. ಪಂಡಿತರು ಹುಟ್ಟಿದ ಕಲಬುರಗಿಯಲ್ಲಿ, ಸುರಪುರದಂಥ ಚಿತ್ರಪರಂಪರೆ ಇರುವ ಸೀಮೆಯಲ್ಲಿ ಕಲಾವಿದರಿಗೆ ಬರವಿಲ್ಲ. 1954ರಲ್ಲಿ ಸ್ಥಾಪನೆಯಾದ ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನಕ್ಕೂ ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೂ ಕಲಾವಿದ ತನ್ನ ಕೃತಿಯನ್ನು ತಾನೇ ಕಳಿಸಬಹುದು. ಪ್ರಶಸ್ತಿ ಆ ಕೃತಿಗೆ. ರಾಜ್ಯ ಸರ್ಕಾರದ ವರ್ಣಶಿಲ್ಪಿ ವೆಂಕಟಪ್ಪ ಪ್ರಶಸ್ತಿ ಚಿತ್ರಕಲಾವಿದರಿಗೂ ಜಕಣಾಚಾರಿ ಪ್ರಶಸ್ತಿ ಶಿಲ್ಪಿಗಳಿಗೂ ಜೀವಮಾನದ ಸಾಧನೆಗಾಗಿ ಸಲ್ಲುತ್ತವೆ. ಕಿರಿಯರು ಪ್ರದರ್ಶನಗಳನ್ನೇ ಹಿಡಿಯಬೇಕು. ಆಯ್ಕೆಯಾಗದಿದ್ದರೂ ಚೌಕಟ್ಟು ಕಟ್ಟಿಸಿ, ಅಳತೆ ಬರೆದು, ಹೊತ್ತಿಗೆ ಸರಿಯಾಗಿ ಕೃತಿ ಕಳಿಸುವ ಶಿಸ್ತು ಕಲಿತಂತಾಗುತ್ತದೆ.

ಹಣ ಕೊಟ್ಟು ಪ್ರವೇಶ ಪಡೆಯುವ ವಿದೇಶಿ ವಿನ್ಯಾಸ ಪ್ರಶಸ್ತಿಗಳ ಬಗ್ಗೆ ನಾನು ಸ್ವಲ್ಪ ಕಠಿಣವಾಗಿಯೇ ಬರೆಯಬೇಕಾಗಿದೆ. ಜರ್ಮನಿಯ ಐಎಫ್ 1953ರಿಂದ, ರೆಡ್ ಡಾಟ್ 1955ರಿಂದ ನಡೆದುಬಂದಿವೆ. ಅವುಗಳ ಗುರುತು ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆಯುಳ್ಳದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಪ್ರವೇಶಕ್ಕೆ ಶುಲ್ಕವಿದೆ, ಗೆದ್ದವರು ಗೆದ್ದ ಮೇಲೆ ಮತ್ತೊಂದು ಶುಲ್ಕ ಕಟ್ಟಬೇಕು. ತಯಾರಿಸಿದ ಸರಕನ್ನು ಲಕ್ಷಗಟ್ಟಲೆ ಮಾರುವ ಕಂಪನಿಗೆ ಅದು ಜಾಹೀರಾತಿನ ಖರ್ಚು. ನಾಲ್ಕು ಜನರ ಕಚೇರಿಗೆ ಅದು ಒಂದು ತಿಂಗಳ ಸಂಬಳ. 2008ರಲ್ಲಿ ಆರಂಭವಾದ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ಅಂತಿಮ ಪಟ್ಟಿಗೆ ಬಂದವರು ತೀರ್ಪುಗಾರರ ಎದುರು ತಾವೇ ನಿಂತು ಯೋಜನೆಯನ್ನು ವಿವರಿಸಬೇಕು. ಅದು ಮುಕ್ತವಾದ, ಒಳ್ಳೆಯ ಪದ್ಧತಿ, ಆದರೆ ಪ್ರಯಾಣದ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಇವುಗಳ ಜೊತೆಗೆ, ಹೆಸರು ಕೇಳಿರದ ಸ್ಪರ್ಧೆಗಳು ದಿನಕ್ಕೊಂದು ಮಿಂಚಂಚೆಯಲ್ಲಿ ಬರುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿ ಒಂದು ಶಾಲೆಯ ಕೆಲಸವನ್ನು ಅಂಥದೊಂದಕ್ಕೆ ಕಳಿಸಿತು. ಎರಡು ತಿಂಗಳ ನಂತರ ಅಭಿನಂದನೆಯ ಪತ್ರ ಬಂತು; ಊರಿನಲ್ಲಿ ಪೇಡೆ ಹಂಚಿದೆವು. ಮರುದಿನ ಪತ್ರವನ್ನು ಪೂರ್ತಿ ಓದಿದಾಗ, ಪ್ರಮಾಣಪತ್ರಕ್ಕೆ ಇಷ್ಟು, ಪುಸ್ತಕದಲ್ಲಿ ಪ್ರಕಟಣೆಗೆ ಇಷ್ಟು, ಫಲಕಕ್ಕೆ ಇಷ್ಟು ಎಂಬ ಪಟ್ಟಿ ಕೆಳಗಿತ್ತು. ಕಟ್ಟದಿದ್ದರೆ ಗೆದ್ದವರೆಂದು ಹೇಳಿಕೊಳ್ಳುವಂತಿಲ್ಲ. ಆ ಹಣದಲ್ಲಿ ಅದೇ ಶಾಲೆಯ ಹಿಂಬದಿಯ ಪಡಸಾಲೆಗೆ ಪೂರ್ತಿಯಾಗಿ ಶಹಾಬಾದಿನ ಫರಸಿ ಹಾಸಬಹುದಿತ್ತು. ನಾವು ಕಟ್ಟಲಿಲ್ಲ. ಪ್ರಶಸ್ತಿ ಬಂತೆಂದು ನಂಬಿದ್ದ ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸುವುದು ನನಗೆ ಬಹಳ ಕಷ್ಟವಾಯಿತು. ಆದ್ದರಿಂದ ಅರ್ಜಿ ತುಂಬುವ ಮೊದಲು ಗೆದ್ದವರು ಏನು ಕೊಡಬೇಕು ಎಂಬ ಸಾಲನ್ನು ಹುಡುಕಿ ಓದಿರಿ. ತೀರ್ಪುಗಾರರ ಹೆಸರುಗಳು ಪ್ರಕಟವಾಗಿವೆಯೇ, ಹಿಂದಿನ ವರ್ಷ ಎಷ್ಟು ಯೋಜನೆಗಳಿಗೆ ಗೆಲುವು ಕೊಟ್ಟಿದ್ದಾರೆ ಎಂಬುದನ್ನೂ ನೋಡಿರಿ. ನೂರಾರು ವಿಭಾಗಗಳಲ್ಲಿ ಸಾವಿರಾರು ವಿಜೇತರಿದ್ದರೆ ಆ ಗೆಲುವಿನ ತೂಕ ಎಷ್ಟೆಂದು ನೀವೇ ಅಳೆಯಬಲ್ಲಿರಿ.

ಯಾವ ದಾರಿ ಹಿಡಿದರೂ ಕಡತದ ಕೆಲಸ ಒಂದೇ. ಛಾಯಾಚಿತ್ರಗಳನ್ನು ಮಳೆಗಾಲ ಮುಗಿದ ಮೇಲೆ, ಧೂಳು ಅಡಗಿದಾಗ ತೆಗೆಸಿ. ಜನರಿಲ್ಲದ ಕಟ್ಟಡದ ಚಿತ್ರಗಳನ್ನಷ್ಟೇ ಕಳಿಸಬೇಡಿ. ಬೇಸಿಗೆಯ ನಡುಹಗಲು ಹೊರಗೆ ಎಷ್ಟು ಉಷ್ಣತೆ, ಒಳಗೆ ಎಷ್ಟು ಎಂದು ಒಂದು ವಾರ ಅಳೆದು ಬರೆದಿಟ್ಟರೆ ಹತ್ತು ಪುಟಗಳ ವರ್ಣನೆಗಿಂತ ಅದು ಹೆಚ್ಚು ಹೇಳುತ್ತದೆ. ಕೆಲಸ ಮಾಡಿದ ಗೌಂಡಿ, ಕಲ್ಲುಕುಟಿಗ, ಬಡಗಿಯರ ಹೆಸರುಗಳನ್ನು ಅವರನ್ನೇ ಕೇಳಿ ಸರಿಯಾಗಿ ಬರೆದುಕೊಳ್ಳಿ. ಕೂಲಿ ಪುಸ್ತಕದಲ್ಲಿರುವ ಅರ್ಧ ಹೆಸರು ಸಾಲದು.

ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸ ಆರಂಭವಾಗುವ ಮುಂಚಿನ ಸ್ಥಿತಿಯ ಚಿತ್ರಗಳನ್ನು ತೆಗೆದಿಡಿ. ಯಾದಗಿರಿ ಜಿಲ್ಲೆಯ ಒಂದು ವಾಡೆಯ ಕಡತ ಸಿದ್ಧಪಡಿಸುವಾಗ ನಮಗೆ ಇದೇ ಕೊರತೆಯಾಯಿತು. ಮನೆಯವರು ಬಹಳ ಶ್ರದ್ಧೆಯಿಂದ ಗಚ್ಚು ಕೆದರಿಸಿ, ಜಂತಿ ಬದಲಿಸಿ, ಅಂಗಳದ ಕಂಬಗಳನ್ನು ಮೊದಲಿನಂತೆ ನಿಲ್ಲಿಸಿದ್ದರು, ಆದರೆ ಹಿಂದೆ ಹೇಗಿತ್ತು ಎಂದು ತೋರಿಸಲು ಒಂದು ಚಿತ್ರವೂ ಇರಲಿಲ್ಲ. ಮೂರು ದಿನ ಹುಡುಕಿದ ಮೇಲೆ ಆ ಮನೆಯ ಅಜ್ಜಿ ಟ್ರಂಕಿನಿಂದ ತಮ್ಮ ಹಿರಿಯ ಮಗಳ ಮದುವೆಯ ಆಲ್ಬಮ್ ತೆಗೆದುಕೊಟ್ಟರು. ಹಂದರದ ಹಿಂದೆ, ಬೀಗರ ಪಂಕ್ತಿಯ ಮೇಲ್ಭಾಗದಲ್ಲಿ, ಕಂಬದ ಬೋದಿಗೆಯ ಕೆತ್ತನೆಯೂ ಮಾಳಿಗೆಯ ಅಂಚೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಮೂರು ಕಪ್ಪು ಬಿಳುಪು ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, ಮದುವೆಯ ವರ್ಷವನ್ನು ಕೆಳಗೆ ಬರೆದು, ಕಡತದ ಮೊದಲ ಅನುಬಂಧವಾಗಿ ಸೇರಿಸಿದೆವು.